ವಸಂತದ ಒಂದು ಹಗಲು: ತೀರ್ಥಮಲೆಯ ದಾರಿಯಲ್ಲಿ ನಡಿಗೆಯೂ ಚಿತ್ರಗ್ರಹಣವೂ

ವಸಂತಋತುವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾವಿನ ಚಿಗುರು, ಕೋಗಿಲೆಯ ದನಿ ಮತ್ತು ಯುಗಾದಿಯ ಬೇವುಬೆಲ್ಲ. ಕಾವ್ಯಗಳನ್ನು ಓದಿ ಬೆಳೆದ ನಮಗೆ ಇದು ಸಹಜವೇ. ಆದರೆ ಕಂಬೈನಲ್ಲೂರಿನ ಸುತ್ತಲಿನ ನಿಜವಾದ ವಸಂತವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಚೈತ್ರ ಬರುವ ವೇಳೆಗೆ ನಮ್ಮ ಸೀಮೆಯ ಗುಡ್ಡಗಳು ಬೂದುಬಣ್ಣಕ್ಕೆ ತಿರುಗಿರುತ್ತವೆ, ಹುಲ್ಲು ಒಣಗಿರುತ್ತದೆ, ಹೊಳೆಯ ಮರಳು ಕಾದಿರುತ್ತದೆ. ಇದನ್ನು ದೂರದಿಂದ ನೋಡಿದವರು ‘ಇಲ್ಲಿ ವಸಂತವೆಲ್ಲಿ?’ ಎನ್ನುವರು. ಹತ್ತಿರ ಹೋಗಿ ಮೆಲ್ಲನೆ ನಡೆದವರು ಮಾತ್ರ ಆ ಪ್ರಶ್ನೆಯನ್ನು ಮತ್ತೆ ಕೇಳಲಾರರು. ಒಂದು ದಿನವನ್ನು ಹೀಗೆ ನಡೆದು ಕಳೆಯುವುದು ಹೇಗೆ, ಕಂಡದ್ದನ್ನು ಛಾಯಾಚಿತ್ರದಲ್ಲಿ ಹಿಡಿಯುವುದು ಹೇಗೆ, ಅದರಿಂದ ನಮಗಾಗುವ ಪ್ರಯೋಜನವೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆಲದ ಪರಿಚಯ ಮಾಡಿಕೊಳ್ಳೋಣ. ನಮ್ಮೂರಿನ ಹೊಳೆಯು ತೆಂಪೆಣ್ಣೆ ನದಿಯನ್ನು ಸೇರುವ ಉಪನದಿಗಳಲ್ಲೊಂದು. ಆ ತೆಂಪೆಣ್ಣೆಯನ್ನೇ ಕನ್ನಡ ನಾಡಿನಲ್ಲಿ ದಕ್ಷಿಣ ಪಿನಾಕಿನಿ ಎನ್ನುವರು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸೂರು ಕೃಷ್ಣಗಿರಿಗಳನ್ನು ದಾಟಿ, ನಮ್ಮ ಜಿಲ್ಲೆಯನ್ನು ಹಾಯ್ದು, ಕಡಲೂರಿನ ಬಳಿ ಅದು ಬಂಗಾಳಕೊಲ್ಲಿಯನ್ನು ಸೇರುವುದು. ನಮ್ಮ ಧರ್ಮಪುರಿ ಜಿಲ್ಲೆಯು 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾಯಿತು. ಮುಂದೆ 2004ರಲ್ಲಿ ಇದರಿಂದಲೇ ಕೃಷ್ಣಗಿರಿ ಜಿಲ್ಲೆ ಬೇರ್ಪಟ್ಟಿತು. ಈ ಮೂರು ಜಿಲ್ಲೆಗಳ ಗುಡ್ಡಗಳಲ್ಲಿ ಹೆಚ್ಚಾಗಿ ಇರುವುದು ಎಲೆಯುದುರುವ ಒಣಕಾಡು. ಮಲೆನಾಡಿನ ಕಾಡಿನಂತೆ ಇದು ಸದಾ ಹಸುರಾಗಿರುವುದಿಲ್ಲ. ಆದುದರಿಂದಲೇ ಇದರ ವಸಂತಕ್ಕೆ ತನ್ನದೇ ಆದ ರೀತಿಯುಂಟು.

ಎಲ್ಲಿಗೆ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹೊಗೇನಕಲ್ಲಿನ ಸುತ್ತ ಕಾವೇರಿಯ ಕಾಡುಗಳಿವೆ. ಆ ಪ್ರದೇಶದಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವು ಘೋಷಿತವಾಯಿತು. ಅದು ಆನೆಗಳು ಸಂಚರಿಸುವ ನೆಲ. ಮಕ್ಕಳನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೋಗತಕ್ಕ ಜಾಗವಲ್ಲ. ನಮಗೆ ಅನುಕೂಲವಾದುದು ಹರೂರು ಸೀಮೆಯ ತೀರ್ಥಮಲೆ. ಬುಡದಿಂದ ತೀರ್ಥಗಿರೀಶ್ವರನ ಗುಡಿಯವರೆಗೆ ಕಾಡಿನ ನಡುವೆ ಯಾತ್ರಿಕರ ಮೆಟ್ಟಿಲುದಾರಿ ಇದೆ. ದಾರಿ ಕಡಿದಾದುದೇ, ಆದರೆ ತಲೆತಲಾಂತರದಿಂದ ಮುದುಕರೂ ಮಕ್ಕಳೂ ಹತ್ತಿದ ದಾರಿ.

ಇಲ್ಲಿ ಒಂದು ಗಂಭೀರವಾದ ವಿಷಯವನ್ನು ಹೇಳಲೇಬೇಕಾಗಿದೆ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡುಗಿಚ್ಚು ಹಬ್ಬಿ, ಚಾರಣಕ್ಕೆಂದು ಹೋಗಿದ್ದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ವರ್ಷವೇ ತಮಿಳುನಾಡು ಸರ್ಕಾರವು ಚಾರಣಕ್ಕೆ ನಿಯಮಗಳನ್ನು ರಚಿಸಿತು. 2024ರಲ್ಲಿ ಸರ್ಕಾರವೇ ನಲವತ್ತು ಚಾರಣ ಮಾರ್ಗಗಳನ್ನು ಗೊತ್ತುಮಾಡಿ, ಮಾರ್ಗದರ್ಶಕರೊಡನೆ ಹೋಗುವ ವ್ಯವಸ್ಥೆಯನ್ನು ಆರಂಭಿಸಿತು. ಕಾಡುಗಿಚ್ಚಿನ ಕಾಲದಲ್ಲಿ, ಅಂದರೆ ಸುಮಾರು ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ, ಕಾಡಿನ ಮಾರ್ಗಗಳನ್ನು ಮುಚ್ಚುವುದುಂಟು. ವಸಂತವೆಂಬುದು ಹೂವಿನ ಕಾಲವಾಗಿರುವಂತೆ ಬೆಂಕಿಯ ಕಾಲವೂ ಆಗಿದೆಯೆಂಬುದನ್ನು ಮರೆಯಕೂಡದು. ಆದಕಾರಣ ಜನಸಂಚಾರವಿರುವ ಮೆಟ್ಟಿಲುದಾರಿಯನ್ನೇ ಹಿಡಿಯಬೇಕು. ಮೀಸಲು ಅರಣ್ಯದೊಳಕ್ಕೆ ಅಪ್ಪಣೆಯಿಲ್ಲದೆ ಕಾಲಿಡಬಾರದು. ಹೊರಡುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಹಿರಿಯರ ಕರ್ತವ್ಯ.

ಇನ್ನು ಮರಗಳ ವಿಷಯ. ನೀರು ಕಡಮೆಯಾದ ಕಾಲದಲ್ಲಿ ಎಲೆಗಳಿಂದ ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಳ್ಳಲು ಈ ಕಾಡಿನ ಮರಗಳು ಎಲೆಗಳನ್ನು ಉದುರಿಸಿಬಿಡುತ್ತವೆ. ಬರಿಯ ಕೊಂಬೆಗಳಾಗಿ ನಿಂತಾಗಲೇ ಅವುಗಳಲ್ಲಿ ಹಲವು ಹೂಬಿಡುತ್ತವೆ. ಇದರಿಂದ ಅವಕ್ಕೆ ಎರಡು ಲಾಭಗಳುಂಟು. ಎಲೆಗಳ ಮರೆಯಿಲ್ಲದುದರಿಂದ ಹೂಗಳು ಹಕ್ಕಿಗಳಿಗೂ ದುಂಬಿಗಳಿಗೂ ದೂರದಿಂದಲೇ ಕಾಣುತ್ತವೆ. ಅಲ್ಲದೆ ಈಗ ಹೂಬಿಟ್ಟರೆ ಹಲವು ಮರಗಳ ಬೀಜ ಮಳೆಗಾಲದ ಹೊತ್ತಿಗೆ ಸಿದ್ಧವಾಗಿ, ನೆಲಕ್ಕೆ ಬಿದ್ದೊಡನೆ ಮೊಳೆಯುವುದು. ಆಳಕ್ಕಿಳಿದ ಬೇರುಗಳೂ ಕಾಂಡದಲ್ಲಿ ಕೂಡಿಟ್ಟ ನೀರೂ ಮಳೆ ಬರುವ ಮೊದಲೇ ಚಿಗುರಿಗೆ ಆಧಾರವಾಗುತ್ತವೆ. ಎಳೆ ಚಿಗುರು ಅನೇಕ ಮರಗಳಲ್ಲಿ ತಾಮ್ರದಂತೆ ಕೆಂಪಗಿರುವುದನ್ನು ನೀವು ಕಂಡಿರಬಹುದು. ಆ ಕೆಂಪು ಬಣ್ಣವು ಎಳೆಯ ಎಲೆಯನ್ನು ಸುಡುಬಿಸಿಲಿನಿಂದ ಕಾಪಾಡುವುದೆಂದೂ, ಎಲೆ ತಿನ್ನುವ ಕೀಟಗಳ ಕಣ್ಣು ತಪ್ಪಿಸುವುದೆಂದೂ ಸಸ್ಯಶಾಸ್ತ್ರಜ್ಞರು ಅಭಿಪ್ರಾಯಪಡುವರು.

ನಮ್ಮ ಒಣಕಾಡಿನ ವಸಂತದಲ್ಲಿ ಮೊದಲ ಸ್ಥಾನ ಮುತ್ತುಗದ್ದು. ಫೆಬ್ರವರಿಯಿಂದ ಏಪ್ರಿಲಿನೊಳಗೆ ಅದು ಕೆಂಡದ ಬಣ್ಣದ ಹೂಗಳಿಂದ ತುಂಬುವುದು. ಅದರ ದಳವೊಂದು ಗಿಳಿಯ ಕೊಕ್ಕಿನಂತೆ ಬಾಗಿರುವುದರಿಂದ, ‘ಇದು ಗಿಳಿಯೇ?’ ಎಂಬರ್ಥ ಬರುವಂತೆ ಸಂಸ್ಕೃತದಲ್ಲಿ ಕಿಂಶುಕವೆಂದು ಹೆಸರಾಯಿತೆಂದು ಹೇಳುವರು. ಬೂರುಗದ ದಪ್ಪ ಕೆಂಪು ಹೂ ಇದಕ್ಕೂ ಸ್ವಲ್ಪ ಮುಂಚಿತವಾಗಿ ಬರುವುದು. ಅರಿಶಿನ ಬೂರುಗವು ಬರಿಗೊಂಬೆಯ ತುದಿಯಲ್ಲಿ ಹಳದಿ ಬಟ್ಟಲುಗಳನ್ನಿಟ್ಟಂತೆ ಅರಳುವುದು. ಹಿಪ್ಪೆಯ ಹೂ ರಾತ್ರಿ ಅರಳಿ ಬಾವಲಿಗಳನ್ನು ಕರೆಯುವುದು. ಬೆಳಗಾಗುವಾಗ ಅದರ ತಿರುಳುಳ್ಳ ದಳಗಳು ಮರದಡಿಯಲ್ಲಿ ಹಾಸಿಕೊಂಡಿರುವುವು. ಹೊಂಗೆ ಚಿಗುರಿ ನೆರಳು ಕೊಡುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಕ್ಕೆಯು ಚಿನ್ನದ ಗೊಂಚಲುಗಳನ್ನು ಇಳಿಬಿಡುವುದು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಅಂಗಡಿಬೀದಿಯ ಮಾತು ತಮಿಳು, ಪರೀಕ್ಷೆಯ ಚಿಂತೆ ಇಂಗ್ಲಿಷಿನದು. ಮೇಲಿನ ತರಗತಿಯ ಹುಡುಗರಿಗೆ ಮುತ್ತುಗದ ಹೂವೊಂದನ್ನು ತೋರಿಸಿ ಹೆಸರು ಕೇಳಿದಾಗ, ‘ಕಾಡುಮರದ ಹೂ ಸಾರ್’ ಎಂಬ ಉತ್ತರ ಬಂದಿತು. ಮರುದಿನ ಅವರಲ್ಲೊಬ್ಬನು ತನ್ನ ಅಜ್ಜಿಯನ್ನು ಕೇಳಿಕೊಂಡು ಬಂದನು. ಆಕೆ ಹೆಸರನ್ನಲ್ಲದೆ, ಅದರ ಎಲೆಯಿಂದ ಊಟದೆಲೆ ಹಚ್ಚುವ ಬಗೆಯನ್ನೂ, ಹೂವಿನಿಂದ ಬಣ್ಣ ತೆಗೆಯುವ ಬಗೆಯನ್ನೂ ಹೇಳಿದ್ದಳು. ಒಂದು ಮನೆಯೊಳಗೆ ಅಜ್ಜಿಯ ಬಳಿ ಇಷ್ಟು ತಿಳಿವಳಿಕೆ ಇದ್ದೂ, ಮೊಮ್ಮಗನ ಬಳಿ ‘ಕಾಡುಮರ’ವೆಂಬ ಒಂದೇ ಮಾತಿರುವುದಾದರೆ, ನಡುವೆ ಕಡಿದುಹೋದದ್ದು ಏನೆಂಬುದನ್ನು ನಾವು ಯೋಚಿಸಬೇಕು. ಹೆಸರಿಲ್ಲದ ಮರವನ್ನು ಕಡಿಯುವಾಗ ಯಾರಿಗೂ ನೋವಾಗುವುದಿಲ್ಲ. ಹೆಸರು ಹೋದಮೇಲೆ ಮರ ಹೋಗಲು ಬಹಳ ಕಾಲ ಬೇಕಾಗುವುದಿಲ್ಲ.

ಆದರೆ ಎರಡು ಭಾಷೆಗಳ ನಡುವೆ ಇರುವುದು ನಮಗೆ ನಷ್ಟವೆಂದು ಯಾರೂ ತಿಳಿಯಬಾರದು. ಅದು ನಮ್ಮ ಭಾಗ್ಯ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿದೆಯೆಂದು ನೀವು ವ್ಯಾಕರಣ ಪಾಠದಲ್ಲಿ ಕಲಿತಿದ್ದೀರಿ; ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳಿನಲ್ಲಿ ಪಕಾರವು ಹಾಗೆಯೇ ಉಳಿದಿದೆ. ಆದ್ದರಿಂದ ನೆರೆಮನೆಯವರು ‘ಪುಂಗು’ ಎಂದದ್ದು ನಮ್ಮ ಹೊಂಗೆ, ‘ಪುಳಿ’ ಎಂದದ್ದು ನಮ್ಮ ಹುಳಿ, ಅಂದರೆ ಹುಣಸೆ. ತಮಿಳಿನ ವಕಾರಕ್ಕೆ ನಮ್ಮಲ್ಲಿ ಬಕಾರ ಬರುವುದರಿಂದ ಅವರ ‘ವೇಂಬು’ ನಮ್ಮ ಬೇವು. ಅವರ ‘ಇಲುಪ್ಪೈ’ ನಮ್ಮ ಇಪ್ಪೆ ಅಥವಾ ಹಿಪ್ಪೆ. ನೆಲ್ಲಿ ಎರಡರಲ್ಲಿಯೂ ನೆಲ್ಲಿಯೇ. ಮುತ್ತುಗವನ್ನು ಮಾತ್ರ ಅವರು ‘ಪುರಸು’ ಎಂದೂ, ಕಕ್ಕೆಯನ್ನು ‘ಕೊನ್ರೈ’ ಎಂದೂ ಬೇರೆ ಹೆಸರಿನಿಂದ ಕರೆಯುವರು. ಒಂದು ದಿನದ ನಡಿಗೆಯಲ್ಲಿ ಸಸ್ಯಶಾಸ್ತ್ರದ ಜೊತೆಗೆ ಭಾಷಾಶಾಸ್ತ್ರದ ಪಾಠವೂ ಹೀಗೆ ದೊರೆಯುವುದು.

ನಡಿಗೆಯ ಕ್ರಮವು ಹೀಗಿರಲಿ. ಸೂರ್ಯೋದಯದ ಹೊತ್ತಿಗೆ ಬೆಟ್ಟದ ಬುಡದಲ್ಲಿರಬೇಕು. ಒಬ್ಬೊಬ್ಬರಿಗೆ ಎರಡು ಲೀಟರಿನಷ್ಟಾದರೂ ನೀರು, ಬುತ್ತಿಯಲ್ಲಿ ಮೊಸರನ್ನ ಅಥವಾ ಚಿತ್ರಾನ್ನ, ತಲೆಗೆ ಟವೆಲು, ಕಾಲಿಗೆ ಗಟ್ಟಿಯಾದ ಮೆಟ್ಟು, ಒಂದು ಪುಸ್ತಕ, ಒಂದು ಪೆನ್ಸಿಲು ಸಾಕು. ಹತ್ತು ಗಂಟೆಯ ಮೇಲೆ ಬಿಸಿಲು ಕಠಿಣವಾಗುವುದರಿಂದ ಹತ್ತುವ ಕೆಲಸವನ್ನು ಅಷ್ಟರೊಳಗೆ ಮುಗಿಸಬೇಕು. ಹಾಗೆಂದು ಓಡಬಾರದು. ಇಪ್ಪತ್ತು ಮೆಟ್ಟಿಲು ಹತ್ತಿ, ನಿಂತು, ಕಿವಿಗೊಟ್ಟು, ಸುತ್ತ ನೋಡಿ ಮುಂದುವರಿಯುವುದು ಉತ್ತಮ. ಓಡುವವನಿಗೆ ಬೆಟ್ಟದ ತುದಿ ಮಾತ್ರ ಸಿಕ್ಕುವುದು. ನಿಧಾನವಾಗಿ ನಡೆಯುವವನಿಗೆ ಬೆಟ್ಟವೇ ಸಿಕ್ಕುವುದು. ನಿಂತಾಗಲೇ ಕುಟ್ರ ಹಕ್ಕಿಯ ತಾಮ್ರ ಬಡಿದಂತಹ ‘ಕುಟ್ ಕುಟ್’ ಸದ್ದು ಕೇಳುವುದು. ಒಣಗಿದ ತೊಗಟೆಯೆಂದು ತಿಳಿದದ್ದು ಓತಿಕೇತವೆಂದು ಗೊತ್ತಾಗುವುದು. ಕೋಗಿಲೆಯಲ್ಲಿ ಕಪ್ಪಗಿರುವುದು ಗಂಡು, ಚುಕ್ಕೆಗಳುಳ್ಳದ್ದು ಹೆಣ್ಣು ಎಂಬುದನ್ನು ಪುಸ್ತಕದಲ್ಲಿ ಓದಿದ್ದವರು ಇಲ್ಲಿ ಕಣ್ಣಾರೆ ಕಾಣಬಹುದು.

ಛಾಯಾಚಿತ್ರದ ತತ್ತ್ವವು ಬಹು ಸರಳ. ಕತ್ತಲೆಯ ಪೆಟ್ಟಿಗೆಯೊಂದಕ್ಕೆ ಸಣ್ಣ ಕಿಂಡಿಯಿಟ್ಟರೆ ಹೊರಗಿನ ದೃಶ್ಯವು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದು. ಕಿಂಡಿಯಲ್ಲಿ ಮಸೂರವನ್ನಿಟ್ಟು, ಗೋಡೆಯ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಪದಾರ್ಥವನ್ನಿಟ್ಟರೆ ಅದೇ ಕ್ಯಾಮರಾ. 1839ರಲ್ಲಿ ದಾಗೇರನ ವಿಧಾನವು ಲೋಕಕ್ಕೆ ಪ್ರಕಟವಾದಾಗ ಬೆಳ್ಳಿಲೇಪದ ತಗಡು ಆ ಕೆಲಸ ಮಾಡಿತು. ಮುಂದೆ ಫಿಲ್ಮು ಬಂದಿತು. ಇಂದು ನಿಮ್ಮ ತಂದೆಯವರ ಮೊಬೈಲಿನೊಳಗಿರುವ ಉಗುರಿಗಿಂತ ಚಿಕ್ಕದಾದ ಬಿಲ್ಲೆಯೊಂದು ಅದನ್ನು ಮಾಡುತ್ತದೆ. ಸಾಧನವು ಬದಲಾದರೂ ಹತೋಟಿಗಳು ಮೂರೇ: ಕಿಂಡಿ ಎಷ್ಟು ಅಗಲ, ಅದು ಎಷ್ಟು ಹೊತ್ತು ತೆರೆದಿರಬೇಕು, ಮಸೂರವು ಯಾವ ದೂರಕ್ಕೆ ಹೊಂದಿರಬೇಕು. ಕಿಂಡಿ ಅಗಲವಾದರೆ ಹೂ ಸ್ಫುಟವಾಗಿ ಹಿನ್ನೆಲೆ ಮಸುಕಾಗುವುದು. ಕಿರಿದಾದರೆ ಹತ್ತಿರದ ಹೂವೂ ದೂರದ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗುವುವು. ಹೂವಿನಿಂದ ಹೂವಿಗೆ ಹಾರುವ ಸೂರಕ್ಕಿಯನ್ನು ನಿಲ್ಲಿಸಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಬೇಕು. ನಿಂತ ಬಂಡೆಗೆ ಅರವತ್ತರಲ್ಲೊಂದು ಭಾಗವೂ ಸಾಕು.

ಬೆಳಕಿನ ವಿಷಯದಲ್ಲಿ ಕೆಲವು ಮಾತು. ಬೆಳಗ್ಗೆ ಸಂಜೆಗಳಲ್ಲಿ ಸೂರ್ಯಕಿರಣವು ವಾಯುಮಂಡಲದಲ್ಲಿ ಹೆಚ್ಚು ದೂರ ಹಾದು ಬರುವುದರಿಂದ ನೀಲಿಯು ಚದರಿ, ಕೆಂಪು ಹಳದಿಗಳು ಉಳಿಯುವುವು. ಕಿರಣವು ಓರೆಯಾಗಿ ಬೀಳುವುದರಿಂದ ತೊಗಟೆಯ ಬಿರುಕುಗಳೂ ಕಲ್ಲಿನ ಉಬ್ಬುತಗ್ಗುಗಳೂ ಎದ್ದು ಕಾಣುವುವು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಎಲ್ಲವನ್ನೂ ಬೆಳ್ಳಗೆ ಮಾಡುವುದು. ಆ ಹೊತ್ತಿನಲ್ಲಿ ನೆರಳಿನಲ್ಲಿ ಕುಳಿತು ಬೀಜ, ಎಲೆಯ ನರ, ಇರುವೆಯ ಸಾಲು ಮೊದಲಾದ ಸಣ್ಣ ವಸ್ತುಗಳನ್ನು ಚಿತ್ರಿಸಬಹುದು. ಮುತ್ತುಗದ ಹೂವನ್ನು ಬೆಳ್ಳಗಿನ ಆಕಾಶಕ್ಕೆದುರಾಗಿ ತೆಗೆದರೆ ಅದು ಕಪ್ಪಾಗಿ ಮೂಡುವುದು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಬೆಳಕನ್ನು ಸ್ವಲ್ಪ ಕಡಮೆಮಾಡಿ ತೆಗೆದರೆ ಅದರ ಕೆಂಪು ಕೆಡದೆ ಉಳಿಯುವುದು. ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಿ ತೆಗೆಯುವುದಕ್ಕಿಂತ ಎರಡು ಹೆಜ್ಜೆ ಮುಂದಿಡುವುದು ಮೇಲು. ಮುಂದಿಡಲು ಜಾಗವಿಲ್ಲದಿದ್ದರೆ ಬಿಟ್ಟುಬಿಡುವುದು ಅದಕ್ಕಿಂತಲೂ ಮೇಲು.

ಈ ಕಲೆಯಲ್ಲಿ ತಾಳ್ಮೆಯೇ ದೊಡ್ಡ ಬಂಡವಾಳವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. ಮದರಾಸಿನ ಎಂ. ಕೃಷ್ಣನ್ (1912–1996) ಅವರು ಕೆಲವು ವರ್ಷ ಕನ್ನಡ ನಾಡಿನ ಸಂಡೂರಿನಲ್ಲಿ ಉದ್ಯೋಗದಲ್ಲಿದ್ದವರು. ಬೇರೆಬೇರೆ ಭಾಗಗಳನ್ನು ತಾವೇ ಕೂಡಿಸಿಕೊಂಡ ಕ್ಯಾಮರಾದಿಂದ ಕಪ್ಪುಬಿಳುಪಿನಲ್ಲಿಯೇ ಆನೆಗಳನ್ನು ಚಿತ್ರಿಸಿದರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ಹಕ್ಕಿಗಳ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಕನ್ನಡದ ಪ್ರಸಿದ್ಧ ಲೇಖಕ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಕಾದು ಚಿತ್ರಿಸಿ, ಅವುಗಳ ಕುರಿತು ಕನ್ನಡದಲ್ಲಿಯೇ ಬರೆದರು. ಬರವಣಿಗೆಯೂ ಚಿತ್ರವೂ ಒಂದೇ ಕಣ್ಣಿನ ಎರಡು ಕೆಲಸಗಳೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಚಿತ್ರ ತೆಗೆಯುವವರು ಪಾಲಿಸತಕ್ಕ ನಿಯಮಗಳು ಕೆಲವುಂಟು. ಚಿತ್ರಕ್ಕೆಂದು ಹೂ ಕೀಳಬಾರದು, ಕೊಂಬೆ ಬಗ್ಗಿಸಬಾರದು. ಗೂಡಿನ ಬಳಿ ಹೋಗಬಾರದು. ತಾಯಿಹಕ್ಕಿ ಹೆದರಿ ಹಾರಿಹೋದರೆ ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುವುವು. ಹಿಂದೆ ಗೂಡಿನ ಚಿತ್ರಗಳಿಗೆ ಮೆಚ್ಚುಗೆಯಿತ್ತು. ಇಂದು ಅನೇಕ ಸ್ಪರ್ಧೆಗಳಲ್ಲಿ ಅವನ್ನು ಸ್ವೀಕರಿಸುವುದಿಲ್ಲ. ದಾರಿಯ ಕೋತಿಗಳಿಗೆ ತಿನಿಸು ಕೊಡಬಾರದು. ಕೊಟ್ಟ ಕೈಯನ್ನೇ ಅವು ನಾಳೆ ಕಿತ್ತುಕೊಳ್ಳಲು ಕಲಿಯುವುವು. ಗುಡಿಯಲ್ಲಿ ಅಪ್ಪಣೆ ಕೇಳದೆ ಚಿತ್ರ ತೆಗೆಯಬಾರದು. ದಾರಿಯಲ್ಲಿ ಸೌದೆ ಹೊತ್ತು ಬರುವ ತಾಯಿಯರೂ ಮನುಷ್ಯರೇ, ನೋಟದ ವಸ್ತುಗಳಲ್ಲ. ಅವರನ್ನು ಕೇಳದೆ ಕ್ಯಾಮರಾ ಎತ್ತಬಾರದು. ಬೆಂಕಿಕಡ್ಡಿ, ಬೀಡಿ, ಸಿಗರೇಟುಗಳು ಕಾಡಿನ ದಾರಿಯಲ್ಲಿ ಯಾರ ಕೈಯಲ್ಲಿಯೂ ಇರಕೂಡದು. ಈ ಮಾತನ್ನು ಹಿರಿಯರಿಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಮೇಲೆ ಗುಡಿಯ ಬಳಿ ರಾಮತೀರ್ಥವಿದೆ. ಬಂಡೆಯ ಮೇಲಿಂದ ನೀರು ಬೀಳುತ್ತಿರುವುದು. ರಾವಣವಧೆಯ ಬಳಿಕ ಶ್ರೀರಾಮನು ಶಿವಪೂಜೆಗೆ ನೀರು ಬೇಕಾಗಿ, ಹನುಮಂತನು ತಡಮಾಡಿದುದರಿಂದ ಬಾಣ ಹೂಡಿ ತೀರ್ಥವನ್ನು ಬರಿಸಿದನೆಂದೂ, ಹನುಮಂತನು ತಡವಾಗಿ ತಂದ ನೀರು ಬಿದ್ದ ಜಾಗವೇ ತೆಂಪೆಣ್ಣೆಯ ದಡದ ಹನುಮತೀರ್ಥವೆಂದೂ ಸ್ಥಳಪುರಾಣವು ಹೇಳುವುದು. ಕುಮಾರ, ಗೌರಿ, ಅಗಸ್ತ್ಯ, ಅಗ್ನಿ ಎಂಬ ಬೇರೆ ತೀರ್ಥಗಳೂ ಬೆಟ್ಟದಲ್ಲಿವೆ. ಪುರಾಣಕ್ಕೆ ವಿರೋಧವಿಲ್ಲದಂತೆ ವಿಜ್ಞಾನದ ಮಾತನ್ನೂ ಇಲ್ಲಿ ಸೇರಿಸಬಹುದು. ಮಳೆಗಾಲದಲ್ಲಿ ಬಿದ್ದ ನೀರನ್ನು ಮರಗಳ ಬೇರೂ ಉದುರಿದೆಲೆಯ ಗೊಬ್ಬರವೂ ಹಿಡಿದು ನಿಲ್ಲಿಸುವುವು. ಅದು ಬಂಡೆಯ ಬಿರುಕುಗಳಿಗೆ ಮೆಲ್ಲಮೆಲ್ಲನೆ ಇಳಿದು, ಕೆಳಗೆ ಎಲ್ಲಿಯೋ ಹೊರಬರುವುದು. ಕಾಡು ಸುಟ್ಟು ನೆಲ ಬರಿದಾದರೆ ಮಳೆನೀರು ನಿಲ್ಲದೆ ಹರಿದುಹೋಗುವುದು, ಊಟೆಗಳು ಸೊರಗುವುವು. ಆದ್ದರಿಂದ ಬೇಸಗೆಯಲ್ಲಿ ತಲೆಯ ಮೇಲೆ ಬೀಳುವ ಆ ತೀರ್ಥದ ಹನಿಯು ಕಳೆದ ಮಳೆಗಾಲದ ಕಾಡಿನ ಪ್ರಸಾದವೆಂದು ತಿಳಿಯತಕ್ಕದ್ದು. ಅಲ್ಲಿಯೇ ಬುತ್ತಿ ಬಿಚ್ಚಿ, ಬಿಸಿಲಿಳಿಯುವವರೆಗೆ ವಿಶ್ರಮಿಸಿ, ಸಂಜೆಯ ಬೆಳಕಿನಲ್ಲಿ ಇಳಿಯಲು ತೊಡಗಿ ಕತ್ತಲೆಗೆ ಮುನ್ನ ಬುಡವನ್ನು ಸೇರಬೇಕು.

ಮನೆಗೆ ಬಂದಮೇಲೆ ಕೆಲಸ ಮುಗಿಯಿತೆಂದುಕೊಳ್ಳಬೇಡಿರಿ. ಇನ್ನೂರು ಚಿತ್ರ ತೆಗೆದಿದ್ದರೆ ಹತ್ತನ್ನು ಆರಿಸಿರಿ. ಪ್ರತಿಯೊಂದರ ಕೆಳಗೆ ನಾಲ್ಕು ಸಂಗತಿಗಳನ್ನು ಬರೆಯಿರಿ: ತಾರೀಖು, ಸ್ಥಳ, ಮನೆಯ ಹಿರಿಯರು ಹೇಳಿದ ಕನ್ನಡದ ಹೆಸರು, ನೆರೆಯವರು ಹೇಳಿದ ತಮಿಳಿನ ಹೆಸರು. ಹೆಸರು ತಿಳಿಯದಿದ್ದರೆ ಅಜ್ಜ ಅಜ್ಜಿಯರನ್ನೋ ಕುರಿ ಕಾಯುವವರನ್ನೋ ನಾಟಿವೈದ್ಯರನ್ನೋ ಕೇಳಿರಿ. ಮರುವರ್ಷ ಅದೇ ಮರದ ಬಳಿಗೆ ಹೋಗಿ, ಮೊದಲ ಹೂ ಎಂದು ಕಂಡಿತೆಂದು ಬರೆದಿಡಿರಿ. ಇದು ಮಕ್ಕಳಾಟವಲ್ಲ. ಭಾರತದಲ್ಲಿ 2010ರಲ್ಲಿ ಆರಂಭವಾದ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲಾಮಕ್ಕಳೂ ಸಾರ್ವಜನಿಕರೂ ಮರಗಳ ಚಿಗುರು, ಹೂ, ಕಾಯಿಗಳ ಕಾಲವನ್ನು ವಾರವಾರವೂ ಗುರುತುಮಾಡಿ ಕಳಿಸುತ್ತಾರೆ. ಕೇರಳದಲ್ಲಿ ಏಪ್ರಿಲ್ ನಡುವಿನ ವಿಷುಹಬ್ಬಕ್ಕೆ ಬೇಕಾದ ಕಕ್ಕೆಯು ಹಬ್ಬಕ್ಕೆ ಬಹು ಮುಂಚೆಯೇ ಅರಳಿರುವುದನ್ನು ಅಲ್ಲಿಯ ವೀಕ್ಷಕರು ಗುರುತಿಸಿದ್ದಾರೆ. ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ತಾರೀಖು ಬರೆದ ಒಂದು ಚಿತ್ರವು ಮುಂದಿನವರಿಗೆ ದಾಖಲೆಯಾಗುವುದು. ತಾರೀಖಿಲ್ಲದ ಚಿತ್ರವು ಎಷ್ಟು ಸುಂದರವಾದರೂ ಬರಿಯ ಅಲಂಕಾರ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳ ಕೈಗೆ ಮೊಬೈಲು ಕೊಟ್ಟು ಮನೆಯ ಮೂಲೆಯಲ್ಲಿ ಕೂರಿಸುವ ರಜೆಯ ದಿನಗಳಲ್ಲಿ ಒಂದನ್ನಾದರೂ ಹೀಗೆ ಕಳೆಯಿರಿ. ದುಬಾರಿ ಕ್ಯಾಮರಾ ಬೇಕಿಲ್ಲ. ಮನೆಗೊಂದು ಮೊಬೈಲಿದ್ದರೆ ಸಾಕು, ಅದೂ ಇಲ್ಲದಿದ್ದರೆ ಪೆನ್ಸಿಲು ಕಾಗದ ಸಾಕು. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿರಿ. ಮೆಟ್ಟಿಲು ಹತ್ತಲಾರದಿದ್ದರೂ ಬುಡದ ಹೊಂಗೆಯ ನೆರಳಿನಲ್ಲಿ ಆಕೆ ಕುಳಿತಿರಲಿ. ಮಕ್ಕಳು ಇಳಿದು ಬಂದು ಒಂದೊಂದೇ ಚಿತ್ರವನ್ನು ತೋರಿಸಲಿ, ಆಕೆ ಒಂದೊಂದೇ ಹೆಸರನ್ನು ಹೇಳಲಿ. ಪುಸ್ತಕದಲ್ಲಿಲ್ಲದ ಹೆಸರುಗಳು ಆ ನಾಲಗೆಯಲ್ಲಿವೆ. ಅವನ್ನು ಬರೆದುಕೊಳ್ಳುವ ಕೆಲಸ ಈ ಮಕ್ಕಳದು, ಮತ್ತು ಅದಕ್ಕೆ ಕಾಲವಿರುವುದು ಈಗಲೇ. ಹಾಗೆ ಬರೆದು ತಂದ ಚಿತ್ರಗಳನ್ನು ಶಾಲೆಯ ಗೋಡೆಗೆ ಹಚ್ಚಲು ನಾವು ಜಾಗವನ್ನು ತೆರವುಮಾಡಿಟ್ಟಿರುತ್ತೇವೆ.